ಸೊಸೆಯ ಊರಿನ ರಾಗ

ಜೂನ್ 12, ಬುಧವಾರ

ಇಂದು ದಾವಣಗೆರೆಯಲ್ಲಿ ಮಗುವಿನ ಮಿಷನ್ ಚಾಲೂ ಮಾಡಿದರು.

ನನ್ನ ಮೊಮ್ಮಗಳು ದುರ್ಗಾಂಬಿಕಾಳಿಗೆ ಮೂರು ವರ್ಷ ಎರಡು ತಿಂಗಳು. ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಕಳೆದ ತಿಂಗಳು ಆಪರೇಷನ್ ಮಾಡಿ ಕಿವಿಯ ಒಳಗೆ ಏನೋ ಇಟ್ಟಿದ್ದಾರೆ. ಹೊರಗಿನ ಮಿಷನ್ನನ್ನು ಕಿವಿಗೆ ಸಿಕ್ಕಿಸಿ ಅದರ ಬಿಲ್ಲೆಯನ್ನು ತಲೆಗೆ ತಾಗಿಸಿದರೆ ಅಯಸ್ಕಾಂತದಂತೆ ಅಂಟಿಕೊಳ್ಳುತ್ತದೆ. ಮಾತು ಕಲಿಸುವ ವಿನಯ್ ಕುಮಾರ್ ಎಂಬ ಹುಡುಗ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಮಗು ಬೆಚ್ಚಿಬಿದ್ದು ತಾಯಿಯ ಎದೆಗೆ ಮುಖ ಒತ್ತಿ ಅತ್ತಿತು. ತಾಯಿ, ಅಂದರೆ ನನ್ನ ಸೊಸೆ ಸುಧಾ, ತಾನೂ ಅತ್ತಳು. ನಾನು ಅಳಲಿಲ್ಲ. ನಾಲ್ಕು ಜನರ ಮುಂದೆ ಅಳುವ ಪದ್ಧತಿ ನಮ್ಮ ತವರಿನಲ್ಲಿ ಇರಲಿಲ್ಲ.

"ಇವತ್ತು ಹುಟ್ಟಿದ ಕೂಸು ಅಂದ್ಕಳಿ ಅಮ್ಮ" ಎಂದ ವಿನಯ್ ಕುಮಾರ್. "ಮೊದ್ಲು ಕೇಳ್ಬೇಕು, ಆಮೇಲೆ ಮಾತು. ಇಡೀ ದಿನ ಮಾತಾಡಿಸ್ತಾ ಇರ್ರಿ. ಮನೇಲಿ ಒಂದೇ ಭಾಷೆ ಇಟ್ಕಳಿ, ಗೊಂದ್ಲ ಬ್ಯಾಡ. ಆರು ತಿಂಗ್ಳು ನೋಡಾಣ."

ಮಗು ದಿನಾ ಏನೇನು ಕೇಳಿಸಿಕೊಂಡಿತು ಎಂದು ಬರೆದಿಡಲು ಒಂದು ನೋಟ್‌ಬುಕ್ ಕೊಟ್ಟಿದ್ದಾನೆ. ಸುಧಾಳ ಕೈಗೆ ಕೊಟ್ಟದ್ದನ್ನು ನಾನು ತೆಗೆದುಕೊಂಡೆ. ಮನೆಯಲ್ಲಿ ನೆಟ್ಟಗೆ ಬರೆಯಬಲ್ಲವಳು ನಾನೊಬ್ಬಳೇ. ಅದರಲ್ಲಿ ಬರೆಯುವಂತಿಲ್ಲದ್ದನ್ನು ಈ ಹಳೆಯ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಇದನ್ನು ಯಾರೂ ಓದಬೇಕಾಗಿಲ್ಲ.

ಜೂನ್ 14, ಶುಕ್ರವಾರ

ಎಲ್ಲರೂ ಊಟಕ್ಕೆ ಕುಳಿತಾಗ ತಿಳಿಸಿದೆ.

"ಇನ್ನು ಮುಂದೆ ಮಗುವಿನ ಎದುರು ಬಾಯಿಗೆ ಬಂದ ಹಾಗೆ ಮಾತನಾಡಬಾರದು. ಒಂದೇ ಭಾಷೆ ಇರಬೇಕು ಎಂದು ಹೇಳಿದ್ದಾರೆ. ಪುಸ್ತಕದಲ್ಲಿ ಇರುವ ಹಾಗೆ ಬಿಡಿಸಿ ಮಾತನಾಡಿ. ಬಾರದವರು ಸುಮ್ಮನಿರಿ."

ನಮ್ಮವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಭದ್ರಾ ನಾಲೆಯ ಮೇಲೆ ಮೂವತ್ತು ವರ್ಷ ನೀರಗಂಟಿಯಾಗಿದ್ದವರು, ಮೊದಲೇ ಮಾತು ಕಡಿಮೆ. "ಹಂಗಾರೆ ನಾನು ಎಮ್ಮೆ ತಾವ ಹೋಗಿ ಮಾತಾಡ್ಕಂತೀನಿ ಬಿಡು. ಅದು ಪುಸ್ತಕ ಕೇಳಾಕಿಲ್ಲ" ಎಂದರು. ಮಗ ಪರಶುರಾಮ್ ತಲೆ ತಗ್ಗಿಸಿ ನಕ್ಕ. ನಾನು ನೋಡಿದ ಮೇಲೆ ನಗು ನಿಂತಿತು.

ನಾನು ಹೊನ್ನಾಳಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ಈ ಕತ್ತಲಗೆರೆಗೆ ಬಂದು ನಲವತ್ತೊಂದು ವರ್ಷವಾದರೂ ಇಲ್ಲಿನ ಐತೆ, ಹೆಂಗೆಗಳು ನನ್ನ ನಾಲಿಗೆಗೆ ಹತ್ತಲು ಬಿಟ್ಟಿಲ್ಲ. ಅವೂ ಹೋಗಲಿ ಎನ್ನಬಹುದು. ಸುಧಾ ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಆ ಕಡೆಯವರದು ಮಾತಲ್ಲ, ರಾಗ. ಒಂದು ಮಾತಿನ ತುದಿ ಹಿಡಿದು ಬದುವಿನವರೆಗೆ ಎಳೆದುಕೊಂಡು ಹೋಗಿ ಅಲ್ಲಿ ಇಳಿಸುತ್ತಾರೆ. ಮದುವೆಯಾದ ಹೊಸದರಲ್ಲಿ ಅವಳು ಬಚ್ಚಲಿನಿಂದ "ಅತ್ತೇಽಽ, ನೀರು ಕಾದಾವ್ರೀಽಽ" ಎಂದು ಕೂಗಿದಾಗ ಎದುರು ಮನೆಯವರು ಹೊರಗೆ ಬಂದು ನೋಡಿದ್ದರು. ಅಂದೇ ತಿದ್ದಿದೆ. ಕಡಿಮೆ ಮಾಡಿಕೊಂಡಳು. ಮಗುವಿನ ಹತ್ತಿರ ಮಾತ್ರ ಉಳಿದಿತ್ತು.

"ನಾನೂ ಸುಮ್ನಿರ್ಲಾ ಅತ್ತೆ?" ಎಂದು ಕೇಳಿದಳು.

"ನಿನ್ನ ಊರಿನ ರಾಗ ಬಿಟ್ಟು ಮಾತನಾಡಲು ಬಂದರೆ ಮಾತನಾಡು."

ತಲೆಯಾಡಿಸಿದಳು. ಹೇಳಿದ್ದನ್ನು ಕೇಳುವ ಹುಡುಗಿ. ಅದೊಂದು ಒಳ್ಳೆಯ ಗುಣ.

ಜೂನ್ 20, ಗುರುವಾರ

ದಿನಾ ಸಂಜೆ ನಾಲ್ಕರಿಂದ ಐದರವರೆಗೆ ಪಾಠ ಎಂದು ನಿಗದಿ ಮಾಡಿದ್ದೇನೆ. ಮಣೆಯ ಮೇಲೆ ಮಗುವನ್ನು ಕೂರಿಸಿ ಎದುರಿಗೆ ಒಂದೊಂದೇ ವಸ್ತು ಇಡುತ್ತೇನೆ. ಇದು ಲೋಟ. ಇದು ತಟ್ಟೆ. ಇದು ಬಾಚಣಿಗೆ. ಪ್ರತಿಯೊಂದನ್ನೂ ಹತ್ತು ಸಲ. ಅಕ್ಷರ ಒಂದೂ ತಪ್ಪಬಾರದು, ಒಂದೂ ಹೆಚ್ಚಾಗಬಾರದು.

ಮಗು ಆಕಳಿಸುತ್ತದೆ. ಬಾಚಣಿಗೆಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಶಿಸ್ತು ಬರಲು ಸಮಯ ಬೇಕು.

ಜುಲೈ 9, ಮಂಗಳವಾರ

ಪಾಠದ ನಡುವೆ ಮಿಷನ್ ಕಿತ್ತು ಎಸೆದಳು. ಎಲ್ಲಿ ಬಿತ್ತೆಂದು ತಿಳಿಯಲಿಲ್ಲ. ಮುಕ್ಕಾಲು ಗಂಟೆ ಹುಡುಕಿದೆವು. ಕೊನೆಗೆ ಸುಧಾ ಎಮ್ಮೆಯ ಬಾನಿಯ ಪಕ್ಕದಲ್ಲಿ, ಹುಲ್ಲಿನ ಮೇಲೆ ಬಿದ್ದದ್ದನ್ನು ಕಂಡಳು. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಕಲಗಚ್ಚಿನಲ್ಲಿ ಮುಳುಗುತ್ತಿತ್ತು.

ಸುಧಾ ಅದನ್ನು ಸೆರಗಿನಿಂದ ಒರೆಸಿ ಒರೆಸಿ ಮತ್ತೆ ಮಗುವಿನ ಕಿವಿಗೆ ಹಾಕಿದಳು. ಈಚೆಗೆ ಅವಳು ಮನೆಯಲ್ಲಿ ಇದ್ದಾಳೋ ಇಲ್ಲವೋ ತಿಳಿಯದಷ್ಟು ಸುಮ್ಮನಿರುತ್ತಾಳೆ. ಪಾಠಕ್ಕೆ ಅದರಿಂದ ಅನುಕೂಲವೇ.

ಜುಲೈ 17, ಬುಧವಾರ

ದಾವಣಗೆರೆ. ವಿನಯ್ ಕುಮಾರ್ ಮಗುವಿನ ಬೆನ್ನ ಹಿಂದೆ ನಿಂತು ಡೋಲು ಬಾರಿಸಿದ. ತಿರುಗಿದಳು. ಹೆಸರು ಹಿಡಿದು ಕರೆದ. ತಿರುಗಲಿಲ್ಲ. ನಮ್ಮ ಜೊತೆಯಲ್ಲೇ ಮಿಷನ್ ಹಾಕಿಸಿಕೊಂಡ ಮಲೇಬೆನ್ನೂರಿನ ಹುಡುಗ ಹೆಸರು ಕರೆದರೆ ತಿರುಗುತ್ತಾನಂತೆ. ಅವನ ತಾಯಿಗೆ ಸಹಿ ಹಾಕಲೂ ಬಾರದು.

"ಮನೇಲಿ ಚೆನ್ನಾಗಿ ಮಾತಾಡಿಸ್ತೀರೇನಮ್ಮ?"

"ದಿನಾ ಒಂದು ಗಂಟೆ ಪಾಠ ಮಾಡುತ್ತೇನೆ. ನೋಟ್‌ಬುಕ್ ನೋಡಿ."

ನೋಡಿದ. ಅಕ್ಷರ ಮುದ್ದಾಗಿದೆ ಎಂದ. ಆಮೇಲೆ ಸುಧಾಳಿಗೆ, "ನೀವು ಕರೀರಿ ಒಂದ್ಸಲ" ಎಂದ. ಅವಳು ನನ್ನ ಮುಖ ನೋಡಿದಳು. ತುಟಿಯಂಚಿನಲ್ಲಿ ಏನೋ ಅಂದಳು. ಅದು ಪಕ್ಕದಲ್ಲಿ ಕುಳಿತ ನನಗೇ ಕೇಳಿಸಲಿಲ್ಲ, ಮಗುವಿಗೆ ಎಲ್ಲಿ ಕೇಳಿಸಬೇಕು? ಅವಳಿಗೆ ಹೊರಗಿನವರ ಎದುರು ಸಂಕೋಚ ಹೆಚ್ಚು.

ಮಿಷನ್ನಿನಲ್ಲೇ ದೋಷವಿರಬಹುದು ಎಂದು ಹೇಳಿದೆ. ಪರೀಕ್ಷಿಸಿದ. ಸರಿಯಾಗಿದೆಯಂತೆ.

ಜುಲೈ 21, ಭಾನುವಾರ

ಪರಶುರಾಮ್ ಚನ್ನಗಿರಿಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ವಾರಕ್ಕೊಂದು ದಿನ ರಜೆ. ಇಂದು ಜಗಲಿಯ ಮೇಲೆ ಕುಳಿತು ಹೇಳಿದ.

"ಅಮ್ಮ, ಡಿಸೆಂಬರ್ ತಂಕ ನೋಡಾಣ. ಅಷ್ಟರಾಗೆ ಏನೂ ಆಗ್ಲಿಲ್ಲ ಅಂದ್ರೆ ಕಿವುಡು ಮಕ್ಕಳ ಇಸ್ಕೂಲಿಗೆ ಹಾಕಾಣ. ಹಾಸ್ಟೆಲ್ ಐತಂತೆ. ಕೈ ಭಾಷೆ ಕಲಿಸ್ತಾರಂತೆ, ಒಳ್ಳೇ ಇಸ್ಕೂಲು ಅಂತಾರೆ."

"ಒಳ್ಳೆಯದೇ ಇರಬಹುದು. ಇಷ್ಟು ಸಣ್ಣ ಮಗುವನ್ನು ಹಾಸ್ಟೆಲಿಗೆ ಕಳಿಸುತ್ತೀಯಾ?"

"ಇಲ್ಲಿದ್ರೆ ಯಾರ ಕೂಡ ಮಾತಾಡ್ತಾಳೆ ಹೇಳು? ಈ ಮನೇಲಿ ಈಗ ಯಾರು ಮಾತಾಡ್ತೀವಿ?"

ಎದ್ದು ಒಳಗೆ ಹೋದೆ. ಮಗ ಎದುರು ಮಾತನಾಡಿದ್ದು ಮೊದಲ ಸಲ. ಸುಧಾ ಅಡುಗೆ ಮನೆಯ ಬಾಗಿಲ ಬಳಿ ಮಗುವಿನ ತಲೆ ಬಾಚುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಾಚಿದ್ದನ್ನೇ ಬಾಚುತ್ತಿದ್ದಳು.

ನಾಳೆಯಿಂದ ಪಾಠ ಎರಡು ಗಂಟೆ.

ಆಗಸ್ಟ್ 7, ಬುಧವಾರ

ನಾಡಿದ್ದು ಪಂಚಮಿ. ಸುಧಾಳ ತಮ್ಮ ಕೆಂಚೇಶ್ ಅಕ್ಕನನ್ನು ಕರೆದೊಯ್ಯಲು ಬಂದ. ಶೇಂಗಾ ಉಂಡೆಯ ಡಬ್ಬಿ ತಂದಿದ್ದ. ಮಗುವಿನ ಪಾಠ ತಪ್ಪುತ್ತದೆ ಎಂದೆ. "ಒಂದು ವಾರ ಅತ್ತೇಽ, ಜೋಕಾಲಿ ಕಟ್ಟೀವಿ, ಕೂಸು ಆಡ್ಕಂಡು ಬರ್ಲಿ" ಎಂದ. ಅವನದೂ ಅದೇ ರಾಗ.

ಒಂದು ವಾರ ಎಂದರೆ ಒಂದು ವಾರ ಎಂದು ಹೇಳಿ ಕಳಿಸಿದೆ. ಯಾವ ದಿನ ಯಾವ ಪದ ಹೇಳಿಕೊಡಬೇಕು ಎಂದು ಚೀಟಿ ಬರೆದು ಕೊಟ್ಟಿದ್ದೇನೆ.

ಆಗಸ್ಟ್ 17, ಶನಿವಾರ

ಹತ್ತು ದಿನವಾಯಿತು. ಬಂದಿಲ್ಲ. ಕಳೆ ಕೀಳುವ ಕೆಲಸ ಜೋರಾಗಿದೆ, ಇನ್ನೆರಡು ದಿನ ಇದ್ದು ಬರುತ್ತೇನೆ ಎಂದು ಸುಧಾ ಫೋನ್ ಮಾಡಿದ್ದಳಂತೆ. ನನಗೆ ಮಾಡಿಲ್ಲ, ಗಂಡನಿಗೆ ಮಾಡಿದ್ದಾಳೆ. ಮಗು ಕರೆದರೆ ತಿರುಗುತ್ತಿದೆ ಎಂದೂ ಹೇಳಿದಳಂತೆ.

ಹಾಗೆ ಇದ್ದಕ್ಕಿದ್ದಂತೆ ತಿರುಗುವುದಿಲ್ಲ. ತವರಿನಲ್ಲಿ ಇನ್ನೆರಡು ದಿನ ಉಳಿಯಲು ಒಂದು ನೆಪ. ಸೋಮವಾರ ನಾನೇ ಹೋಗಿ ಕರೆತರುತ್ತೇನೆ.

ಆಗಸ್ಟ್ 19, ಸೋಮವಾರ. ಸೊಕ್ಕೆ.

ಜಗಳೂರಿನಲ್ಲಿ ಬಸ್ಸಿಳಿದು ಇನ್ನೊಂದು ಹಿಡಿದು ಸೊಕ್ಕೆ ಮುಟ್ಟುವ ಹೊತ್ತಿಗೆ ಹನ್ನೊಂದೂವರೆ. ಬೀಗರ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಮಾರಪ್ಪ ಎಂಬ ಮುದುಕ, "ಎಲ್ಲಾ ಈರುಳ್ಳಿ ಹೊಲದಾಗೆ ಅದಾರವ್ವಾಽ, ನೆಟ್ಟಗೆ ಹೋಗು, ಮಾತು ಕೇಳ್ತಾವೆ" ಎಂದ. ದಾರಿ ಹೇಳುವ ಕ್ರಮ ನೋಡಿ! ಆದರೆ ಹಾಗೆಯೇ ಆಯಿತು. ಹೊಲ ಕಾಣುವ ಮೊದಲೇ ಮಾತು ಕೇಳಿಸಿತು.

ಅಲ್ಲಿ ಮರವಿಲ್ಲ, ಗೋಡೆಯಿಲ್ಲ. ದೂರದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಬೆರಳಿನಷ್ಟು ಕಾಣುತ್ತವೆ. ಹತ್ತು ಹೆಂಗಸರು ಸಾಲು ಹಿಡಿದು ಕಳೆ ಕೀಳುತ್ತಿದ್ದರು. ಈ ಬದುವಿನವಳು ಆ ಬದುವಿನವಳಿಗೆ ಏನು ಸಾರು ಮಾಡಿದೆ ಎಂದು ಕೇಳಿದರೆ ಆ ಮಾತು ಗಾಳಿಯ ಮೇಲೆ ತೇಲಿಕೊಂಡು ಹೋಗಿ ಮುಟ್ಟಬೇಕು. ಗಿಡ್ಡ ಮಾತು ನಡುದಾರಿಯಲ್ಲೇ ಬಿದ್ದುಹೋಗುತ್ತದೆ. ನಮ್ಮ ಊರಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಅಷ್ಟು ಎಳೆಯುವ ಅಗತ್ಯವೇ ಬರುವುದಿಲ್ಲ. ಇದನ್ನು ನಾನು ಹಿಂದೆ ಯೋಚಿಸಿರಲಿಲ್ಲ.

ಮಗು ಬದುವಿನ ಮೇಲೆ ನನಗೆ ಬೆನ್ನು ಮಾಡಿ ಕುಳಿತು ಮಣ್ಣು ಕಲಸುತ್ತಿತ್ತು. ತಲೆಗೆ ಬಟ್ಟೆಯ ಕುಲಾವಿ. ಮಿಷನ್ ಬೀಳದಂತೆ ಸುಧಾಳ ತಾಯಿ ಕರಿಯಕ್ಕ ಹೊಲಿದದ್ದಂತೆ. ಇಷ್ಟು ದಿನ ನನಗೆ ಅದು ಹೊಳೆದಿರಲಿಲ್ಲ.

ಆಗ ಹೊಲದ ಆ ತುದಿಯಲ್ಲಿ ಸುಧಾ ಎದ್ದು ನಿಂತಳು. ಸೊಂಟದ ಮೇಲೆ ಕೈಯಿಟ್ಟು, "ದುರ್ಗೀಽಽ... ಏ ದುರ್ಗವ್ವೋಽಽ... ನೀರು ಕುಡೀತೀಯೇನೇಽಽ..." ಎಂದು ಕರೆದಳು. ಅವಳಿಗೆ ಅಷ್ಟು ದನಿ ಇದೆ ಎಂದೇ ಮರೆತಿದ್ದೆ.

ಮಣ್ಣು ಕಲಸುತ್ತಿದ್ದ ಕೈ ನಿಂತಿತು. ಮಗು ತಲೆ ಎತ್ತಿತು. ತಿರುಗಿ ತಾಯಿ ಇದ್ದ ಕಡೆಗೇ ನೋಡಿತು.

ನಾನೂ ಕರೆದೆ. "ದುರ್ಗಾಂಬಿಕಾ!"

ಮಗು ಮತ್ತೆ ಮಣ್ಣಿಗೆ ಕೈ ಹಾಕಿತು.

"ದುರ್ಗಾಂಬಿಕಾ! ದುರ್ಗಾಂಬಿಕಾ!" ನಾನು ನಿಂತಿದ್ದದ್ದು ಹತ್ತು ಹೆಜ್ಜೆ ದೂರದಲ್ಲಿ.

ಕರಿಯಕ್ಕ ಕುಡುಗೋಲು ಹಿಡಿದುಕೊಂಡೇ ಬಂದಳು. "ಬಂದ್ರಾಽ ಬೀಗ್ರೇ, ಬರ್ರೀಽ. ಅಲ್ಲಾ, ಮೊಮ್ಮಗಳನ್ನ ಕರೀತೀರೋ, ಇಸ್ಕೂಲಾಗೆ ಹಾಜರಿ ಕೂಗ್ತೀರೋ?"

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಸುಧಾ ನಗಲಿಲ್ಲ. ಓಡಿ ಬಂದು ನನ್ನ ಕೈಯಿಂದ ಚೀಲ ಇಸಿದುಕೊಂಡಳು. ನನ್ನನ್ನು ಕಂಡ ಕೂಡಲೇ ಅವಳ ದನಿ ಮತ್ತೆ ಸಣ್ಣದಾಗಿತ್ತು.

ಆಗಸ್ಟ್ 20, ಮಂಗಳವಾರ

ಬೆಳಿಗ್ಗೆ ಸುಧಾ ಕೊಡ ಹಿಡಿದು ನೀರಿಗೆ ಹೊರಟಾಗ ನಾನೂ ಹೋದೆ. ಅವಳು ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು.

"ನೀನು ನಮ್ಮ ಮನೆಯಲ್ಲಿ ಮಗುವನ್ನು ಹೀಗೆ ಯಾಕೆ ಕರೆಯಲಿಲ್ಲ?" ಎಂದು ಕೇಳಿದೆ.

"ನೀವೇ ಬ್ಯಾಡ ಅಂದಿದ್ರಲ್ಲ ಅತ್ತೆ."

ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡಬಹುದಿತ್ತು. ನೀರು ಬಿಸಿಯಾಗಿದೆ ಎನ್ನುವ ಹಾಗೆ ಹೇಳಿದಳು.

ಎರಡು ತಿಂಗಳು. ಒಬ್ಬ ತಾಯಿ ತನ್ನ ಮಗುವಿನ ಹತ್ತಿರ ಎರಡು ತಿಂಗಳು ಬಾಯಿ ಬಿಚ್ಚಲಿಲ್ಲ, ನಾನು ಹೇಳಿದೆ ಎಂಬ ಕಾರಣಕ್ಕೆ. ಮಗುವಿಗೆ ಕಿವಿ ಬಂದ ಮೊದಲ ಎರಡು ತಿಂಗಳು.

ಇನ್ನೂ ಬರೆಯಬೇಕು. ಇಂದು ಆಗದು.

ಆಗಸ್ಟ್ 28, ಬುಧವಾರ

ದಾವಣಗೆರೆ. ವಿನಯ್ ಕುಮಾರ್ ಸುಧಾಳಿಗೆ ಕರೆಯಲು ಹೇಳಿದ. "ಗಟ್ಟಿಯಾಗಿ ಕರಿ, ನಿಮ್ಮ ಊರಿನಲ್ಲಿ ಕರೆದ ಹಾಗೆ" ಎಂದು ನಾನೇ ಹೇಳಿದೆ. ಅವಳು ಕರೆದಳು. ಕಾರಿಡಾರಿನಲ್ಲಿ ಹೋಗುತ್ತಿದ್ದ ನರ್ಸೂ ತಿರುಗಿದಳು, ಮಗುವೂ ತಿರುಗಿತು.

ಆ ಹುಡುಗ ಕುರ್ಚಿಯಿಂದ ಎದ್ದುಬಿಟ್ಟ. "ಇದೇ ರೀ ಬೇಕಾಗಿದ್ದು! ನಾನು ಎಲ್ಲರಿಗೂ ಇದನ್ನೇ ಹೇಳೋದು. ಎಳೆದು, ಏರಿಸಿ ಇಳಿಸಿ, ಹಾಡಿದಂಗೆ ಮಾತಾಡಿ ಅಂತ. ಆ ಮಿಷನ್ನಿಗೆ ಅದು ಚೆನ್ನಾಗಿ ಸಿಗತೈತೆ. ಗಿಡ್ಡ ಗಿಡ್ಡ ಮಾತು ಸಿಗಾಕಿಲ್ಲ. ನಿಮಗೆ ಇದು ಹುಟ್ಟಿನಿಂದಲೇ ಬಂದೈತಲ್ರೀ. ಇಷ್ಟು ದಿನ ಯಾಕೆ ಮಾತಾಡಿಸಲಿಲ್ಲ?"

ಒಂದೇ ಭಾಷೆ ಎಂದದ್ದು ಯಾಕೆ ಎಂದು ಕೇಳಿದೆ. "ಕನ್ನಡ, ಇಂಗ್ಲಿಷ್ ಎರಡೂ ಕಲಸಬೇಡಿ ಅಂತ ಅಮ್ಮ. ಎಲ್ಲರೂ ಹಂಗೆ ಮಾಡ್ತಾರಲ್ಲ, ಬಾಲು, ಕ್ಯಾಟು ಅಂತ. ಕನ್ನಡ ಯಾವ ಊರದಾದ್ರೇನು?"

ಮತ್ತೆ ಸುಧಾಳ ಕಡೆ ತಿರುಗಿ, "ಯಾಕೆ ಸುಮ್ನಿದ್ರಿ? ಮನೇಲಿ ಯಾರಾದ್ರೂ ಬ್ಯಾಡ ಅಂದ್ರಾ?" ಎಂದ.

ಸುಧಾ ಮಗುವಿನ ಕುಲಾವಿ ಸರಿಮಾಡಿದಳು. "ಇಲ್ಲ ಸಾರ್. ನನಗೇ ಸಂಕೋಚ ಇತ್ತು."

ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು. ಮಗು ಅವಳ ಮಡಿಲಲ್ಲಿ ಮಲಗಿತ್ತು, ಕಾಲು ನನ್ನ ಮಡಿಲಲ್ಲಿ. ಏನಾದರೂ ಹೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಊರು ಬಂತು. "ಇಳಿಯುವಾಗ ಹುಷಾರು" ಎಂದೆ.

ಸೆಪ್ಟೆಂಬರ್ 2, ಸೋಮವಾರ

ಎಲ್ಲರೂ ಮಾತನಾಡಬಹುದು ಎಂದು ಹೇಳಿದೆ. ಹೇಗೆ ಬೇಕಾದರೂ. ನಮ್ಮವರು, "ಎಮ್ಮೆಗೆ ಬ್ಯಾಸರ ಆಗ್ತೈತಲ್ಲೇ" ಎಂದರು.

ಸೆಪ್ಟೆಂಬರ್ 5, ಗುರುವಾರ

ಮಗು ತಾಯಿ ಕರೆದರೆ ತಿರುಗುತ್ತದೆ. ತಂದೆ ಕರೆದರೆ ತಿರುಗುತ್ತದೆ. ಅವನು ಹೆಂಡತಿಯನ್ನು ಅನುಕರಿಸುತ್ತಾನೆ, ಗಂಡಸರಿಗೆ ನಾಚಿಕೆ ಕಡಿಮೆ. ನಾನು ಕರೆದರೆ ಇಲ್ಲ.

ಮಣೆಯನ್ನು ಅಟ್ಟದ ಮೇಲೆ ಹಾಕಿದೆ.

ಸೆಪ್ಟೆಂಬರ್ 11, ಬುಧವಾರ

ಕೊಟ್ಟಿಗೆಯ ಹಿಂದೆ, ಯಾರೂ ಇಲ್ಲದ ಹೊತ್ತಿನಲ್ಲಿ ನಿಂತು ಎಳೆದು ನೋಡಿದೆ. "ದುರ್ಗೀಽ" ಎಂದೆ. ನನ್ನ ದನಿ ನನಗೇ ಹಳೇ ಬಾಗಿಲಿನ ಕಿರ್ರೆಂಬ ಸದ್ದಿನಂತೆ ಕೇಳಿಸಿತು. ಇನ್ನೊಂದು ಸಲ ಗಟ್ಟಿಯಾಗಿ. ನಮ್ಮವರು ಕೈಯಲ್ಲಿ ದೊಣ್ಣೆ ಹಿಡಿದು ಓಡಿ ಬಂದರು.

"ಏನೇ, ಏನಾಯ್ತು? ಹಾವಾ?"

"ಏನೂ ಇಲ್ಲ. ಮಗುವನ್ನು ಕರೆದೆ."

"ಮಗು ಹಿತ್ಲಾಗೆ ಎಲ್ಲೈತೆ?" ಎಂದು ಸುತ್ತ ನೋಡಿದರು. ಆಮೇಲೆ ಅರ್ಥವಾಯಿತೆಂದು ಕಾಣುತ್ತದೆ. ನಗದೆ, ದೊಣ್ಣೆ ಗೋಡೆಗೆ ಒರಗಿಸಿ, "ಇನ್ನೊಂದ್ ಸಲ ಕೂಗು. ಕೊನೇಗೆ ಯಾಕೋ ಬೈದಂಗೆ ಕೇಳಿಸ್ತು" ಎಂದು ಹೇಳಿ ಹೋದರು.

ಸೆಪ್ಟೆಂಬರ್ 12, ಗುರುವಾರ

ಸುಧಾಳನ್ನು ಕರೆದು, "ನನಗೆ ಅದನ್ನು ಹೇಳಿಕೊಡು" ಎಂದೆ.

"ಯಾವ್ದನ್ನ ಅತ್ತೆ?"

"ಅದೇ. ನೀನು ಕರೆಯುವುದನ್ನು."

ಅವಳು ಸೆರಗನ್ನು ಬಾಯಿಗೆ ಹಿಡಿದಳು. ನಕ್ಕಳೋ ಅತ್ತಳೋ ನಾನು ನೋಡಲು ಹೋಗಲಿಲ್ಲ. ಶೇಂಗಾ ಸುಲಿಯುತ್ತಾ ಹೇಳಿಕೊಟ್ಟಳು. ಉಸಿರು ಹೊಟ್ಟೆಯಿಂದ ತರಬೇಕಂತೆ. ಮೊದಲ ಅಕ್ಷರವನ್ನು ಮೆತ್ತಗೆ ಹಿಡಿದು, ನಡುವೆ ಮೇಲೆತ್ತಿ, ಕೊನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಬೇಕಂತೆ.

"ನೀವು ಕೊನೇಗೆ ಟಕ್ ಅಂತ ನಿಲ್ಸಿಬಿಡ್ತೀರಿ ಅತ್ತೆ. ಬಸ್ಸಿಗೆ ಬ್ರೇಕ್ ಹಾಕ್ದಂಗೆ."

"ನಿನ್ನ ಬಾಯಿ ಈಚೆಗೆ ಬಹಳ ಉದ್ದವಾಗಿದೆ."

"ಉದ್ದ ಆಗ್ಲಿ ಅಂತಾನೇ ಅಲ್ವಾ ಈಗ ಹೇಳ್ಕೊಡ್ತಿರಾದು?"

ಸುಲಿದ ಸಿಪ್ಪೆಯನ್ನು ಅವಳ ಮೇಲೆ ಎಸೆದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ನಾನು ವಸ್ತುಗಳನ್ನು ಎಸೆಯುವವಳಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಎಷ್ಟೋ ಸಲ ಕರೆದೆ. ಇಲ್ಲ. ಎದುರು ಮನೆಯ ಅಂಬಿಕಾ, "ಕರಿಬಸಮ್ಮಾರೆ, ಹುಷಾರಿಲ್ವಾ? ನರಳ್ತಿದ್ರಲ್ಲ" ಎಂದು ಕೇಳಿಕೊಂಡು ಬಂದಳು.

ಅಕ್ಟೋಬರ್ 13, ಭಾನುವಾರ

ತಿರುಗಿದಳು.

ಅಕ್ಟೋಬರ್ 14, ಸೋಮವಾರ

ನಿನ್ನೆ ಬರೆಯಲಾಗಲಿಲ್ಲ. ಅವಳು ತುಳಸಿಕಟ್ಟೆಯ ಬಳಿ ಕೋಳಿಮರಿ ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ಕಲಿಯಬೇಕು ಎಂಬುದನ್ನೂ ಮರೆತು, ಹಾಲು ಆರುತ್ತಿದೆ ಎಂಬ ಅವಸರದಲ್ಲಿ ಕರೆದೆ. ತಿರುಗಿದಳು. ನನ್ನನ್ನು ನೋಡಿದಳು. ನಾನು ಮತ್ತೆ ಕರೆದೆ. ಎದ್ದು ಬಂದಳು. ಬಂದು ನನ್ನ ಗಂಟಲಿನ ಮೇಲೆ ಕೈಯಿಟ್ಟಳು, ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ನೋಡುವವಳಂತೆ.

ಹಾಲನ್ನು ಕೊಟ್ಟಿಗೆಯ ಬೆಕ್ಕು ಕುಡಿಯಿತು. ಕುಡಿಯಲಿ.

ನವೆಂಬರ್ 20, ಬುಧವಾರ

ನ್ಯಾಮತಿಯಿಂದ ತಂಗಿ ಅಂಜಮ್ಮ ಫೋನ್ ಮಾಡಿದ್ದಳು. "ಹಲೋ, ಹೇಳವ್ವಾ" ಎಂದೆ.

"ಯಾರು, ಸುಧಾನ ತಾಯೇನವ್ವಾ? ಅಕ್ಕಂಗೆ ಕೊಡಿ ಫೋನು" ಎಂದಳು.

"ನಾನೇ ಕಣೇ, ಅಕ್ಕ."

"ಹೋಗ್ರೀ, ತಮಾಷೆ ಮಾಡ್ಬೇಡಿ. ಕರಿಬಸಕ್ಕಂಗೆ ಕೊಡ್ರೀ."

ಅಪ್ಪನ ಹೆಸರು, ನಮ್ಮ ಬೀದಿಯ ಹೆಸರು ಎಲ್ಲ ಹೇಳಿದ ಮೇಲೆ ನಂಬಿದಳು. ಅಂಜಮ್ಮನಿಗೆ ಅರವತ್ತು ಆಗುವುದರೊಳಗೆ ಕಿವಿ ಮಂದವಾಗಿದೆ. ದಾವಣಗೆರೆಗೆ ಬಂದು ತೋರಿಸಿಕೋ, ನನಗೆ ಪರಿಚಯದವರು ಇದ್ದಾರೆ ಎಂದು ಹೇಳಿದ್ದೇನೆ.

ಡಿಸೆಂಬರ್ 15, ಭಾನುವಾರ

ಆರು ತಿಂಗಳು ಆಯಿತು. ಪರಶುರಾಮ್ ಹಾಸ್ಟೆಲಿನ ಮಾತು ಎತ್ತಬಹುದು ಎಂದು ಬೆಳಿಗ್ಗೆಯಿಂದ ಕಾದೆ. ಅವನು ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಏನಪ್ಪಾ, ಡಿಸೆಂಬರ್ ಬಂತಲ್ಲ. ಏನು ಮಾಡಾಣ ಅಂತೀಯ?"

ಅವನು ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದ. "ಏನಂದೆ ಅಮ್ಮ?"

ಮತ್ತೆ ಕೇಳಿದೆ.

"ಏನಿಲ್ಲ" ಎಂದು ನಕ್ಕ. "ಎಲ್ಲಿಗೂ ಕಳಿಸಾಕಿಲ್ಲ ಬಿಡು. ಆದ್ರೆ ಅಮ್ಮ, ಕೈ ಭಾಷೇನೂ ಒಂದಿಷ್ಟು ಕಲಿಯಾಣ. ಮಿಷನ್ ತೆಗೆದು ಮಲಗಿಸಿದಾಗ ಬೇಕಾಗ್ತೈತೆ."

ಅದಕ್ಕೂ ಆಗಲಿ ಎಂದೆ. ಕಲಿಯುವುದು ಹೇಗೂ ಅಭ್ಯಾಸವಾಗಿದೆ.

ಜನವರಿ 9, ಗುರುವಾರ

ಮೊದಲ ಮಾತು ಬಂತು. ಬಂದದ್ದು ನನಗಲ್ಲ, ತಾಯಿಗೂ ಅಲ್ಲ, ಎಮ್ಮೆಯ ಕರುವಿಗೆ. ಹಗ್ಗ ಬಿಚ್ಚಿಕೊಂಡು ಓಡುತ್ತಿದ್ದ ಕರುವಿನ ಹಿಂದೆ ಓಡಿ, "ಬಾಽಽ" ಎಂದಳು. ಮಾತನ್ನು ಹಿಡಿದು, ಎತ್ತಿ, ಮೆತ್ತಗೆ ಇಳಿಸಿದಳು. ಸುಧಾ ಅಂಗಳದಲ್ಲೇ ಕುಸಿದು ಕುಳಿತಳು. ಅವಳನ್ನು ಎಬ್ಬಿಸಲು ಹೋದ ನಾನೂ ಕುಳಿತೆ. ಎದುರು ಮನೆಯವರು ಹೊರಗೆ ಬಂದು ನೋಡಿದರು. ನೋಡಲಿ.

ನೋಟ್‌ಬುಕ್ಕನ್ನು ಸುಧಾಳಿಗೆ ಕೊಟ್ಟೆ. ಇದನ್ನು ನೀನೇ ಬರಿ ಎಂದೆ. ಅವಳ ಅಕ್ಷರ ಅಷ್ಟೇನೂ ಕೆಟ್ಟದಾಗಿಲ್ಲ.

ಫೆಬ್ರವರಿ 18, ಮಂಗಳವಾರ

ಯವ್ವಾ, ಅಪ್ಪಾ, ಬಾ, ಬ್ಯಾಡ, ಹಾಲು, ಕೋಳಿ, ಬಸ್ಸು, ಅಜ್ಜಿ. ಬ್ಯಾಡ ಎನ್ನುವುದನ್ನು ದಿನಕ್ಕೆ ನೂರು ಸಲ ಹೇಳುತ್ತಾಳೆ. ನನ್ನ ಮೊಮ್ಮಗಳೇ ಸರಿ.

ಮಾರ್ಚ್ 16, ಭಾನುವಾರ

ನ್ಯಾಮತಿಯಲ್ಲಿ ಅಂಜಮ್ಮನ ಮೊಮ್ಮಗನ ನಾಮಕರಣ. ಎಮ್ಮೆಗೆ ಮೈ ಸರಿಯಿರಲಿಲ್ಲವಾದ್ದರಿಂದ ಸುಧಾ ಮನೆ ಬಿಡುವಂತಿರಲಿಲ್ಲ. ಮಗುವನ್ನು ಕರೆದುಕೊಂಡು ನಾನೊಬ್ಬಳೇ ಹೋಗಿದ್ದೆ. ಬರುವಾಗ ಹೊನ್ನಾಳಿಯಲ್ಲಿ ಬಸ್ಸು ಬದಲಿಸಬೇಕಿತ್ತು.

ನಾನು ಓಡಾಡಿದ ಊರು. ಮೂರು ಜನ ಗುರುತು ಹಿಡಿದು ಮಾತನಾಡಿಸಿದರು. ಒಬ್ಬೊಬ್ಬರು ಹತ್ತಿರ ಬಂದಾಗಲೂ ಮಗುವಿನ ಕಿವಿಯ ಮಾತು ತೆಗೆಯುತ್ತಾರೋ ಎಂದು ಕುಲಾವಿಯನ್ನು ಕೆಳಗೆ ಎಳೆಯುತ್ತಿದ್ದೆ. ಕಳೆದ ವರ್ಷ ಇದೇ ಸ್ಟ್ಯಾಂಡಿನಲ್ಲಿ ಒಬ್ಬಳು, ಪಾಪ ಮೂಗ ಕೂಸು ಎಂದು ಲೊಚಗುಟ್ಟಿದ್ದಳು.

ಬುಟ್ಟಿಯಲ್ಲಿ ಸೀಬೆಹಣ್ಣು ಇಟ್ಟುಕೊಂಡ ಹೆಂಗಸಿನ ಮುಂದೆ ಮಗು ನಿಂತುಬಿಟ್ಟಿತು. "ಅಜ್ಜೀಽಽ... ಹಣ್ಣೂಽ... ಬೇಕವ್ವೋಽಽ" ಎಂದಿತು.

ಆ ಹೆಂಗಸು ತಲೆ ಎತ್ತಿ ನೋಡಿದಳು. ಕುಲಾವಿಯನ್ನು ನೋಡಿದಳು, ಅದರಿಂದ ಇಣುಕುತ್ತಿದ್ದ ವೈರನ್ನೂ ನೋಡಿರಬೇಕು. ನಾನು ಉತ್ತರವನ್ನು ಸಿದ್ಧ ಮಾಡಿಕೊಂಡೆ.

"ಯಾವ ಕಡೇದು ನಿನ್ ಕೂಸು? ಜಗಳೂರು ಕಡೇದಾ?" ಎಂದು ಕೇಳಿದಳು.

ಕಿವಿಯ ಬಗ್ಗೆ ಅಲ್ಲ. ಯಾವ ಊರು ಎಂದು. ಎಲ್ಲ ಮಕ್ಕಳಿಗೂ ಕೇಳುವುದನ್ನೇ ಕೇಳಿದಳು.

"ಹೂಂ ಕಣವ್ವಾ. ಸೊಕ್ಕೆ."

"ಅಂದ್ಕಂಡೆ. ಆ ಕಡೇರ ಮಾತು ಮುಚ್ಚಿಟ್ರೂ ನಿಲ್ಲಾಕಿಲ್ಲ. ಥೇಟ್ ಅಜ್ಜಿ ಮಾತೇ ಬಂದೈತೆ ನೋಡು ಕೂಸಿಗೆ."

ಸುಮ್ಮನೆ ಹಣ್ಣು ತೆಗೆದುಕೊಂಡು ಬರಬಹುದಿತ್ತು. ಆಸ್ಪತ್ರೆಯಲ್ಲಿ ಸುಧಾ ಕುಲಾವಿ ಸರಿಮಾಡುತ್ತಾ, ನನಗೇ ಸಂಕೋಚ ಇತ್ತು ಎಂದು ಹೇಳಿದ್ದು ಎದೆಯಲ್ಲಿ ಎದ್ದು ನಿಂತಿತು.

"ನನ್ನ ಮಾತಲ್ಲವ್ವಾ ಇದು" ಎಂದೆ. "ನಾನು ಈ ಹೊನ್ನಾಳಿಯಾಕೀನೇ. ಇದು ನನ್ನ ಸೊಸೆ ಮಾತು. ಕೂಸಿಗೂ ಅವಳೇ ಕಲಿಸಿದ್ದು, ನನಗೂ ಅವಳೇ ಕಲಿಸಿದ್ದು. ನಾನು ಮೊದ್ಲು ಬ್ಯಾಡ ಅಂದಿದ್ದೆ."

ಆಕೆ ಹಣ್ಣು ಒರೆಸುತ್ತಿದ್ದ ಕೈ ನಿಲ್ಲಿಸಿದಳು. "ಸೊಸೆ ತಾವ ಮಾತು ಕಲಿತಾಕೀನ ಇವತ್ತೇ ನೋಡಿದ್ದು ನಾನು" ಎಂದು ನಕ್ಕು, ಇನ್ನೊಂದು ಹಣ್ಣು ಮಗುವಿನ ಕೈಗಿಟ್ಟಳು. ಸೊಸೆಯ ಹೆಸರೇನು, ಎಷ್ಟು ಓದಿದ್ದಾಳೆ ಎಂದೆಲ್ಲ ಕೇಳಿದಳು. ನಾನೂ ನಿಂತು ಹೇಳುತ್ತಿದ್ದೆ. ಹೇಳಲು ಬಹಳ ಇತ್ತು.

ಮಗು ನನ್ನ ಸೀರೆ ಹಿಡಿದು ಜಗ್ಗಿತು.

"ಅಜ್ಜೀಽಽ, ಬಸ್ಸೂಽಽ."

ಎಲ್ಲಿ ಎಂದು ತಿರುಗಿ ನೋಡಿದೆ. ನಮ್ಮ ಚನ್ನಗಿರಿ ಬಸ್ಸು ಸ್ಟ್ಯಾಂಡಿನ ಆಚೆ ಮೂಲೆಯಲ್ಲಿ, ಹಾರನ್ ಹಾಕುತ್ತಾ, ಆಗ ತಾನೇ ಒಳಗೆ ತಿರುಗುತ್ತಿತ್ತು.

ನನಗೆ ಕೇಳಿಸಿರಲಿಲ್ಲ.